ಅಚ್ಚಾದ ಪ್ರಾರ್ಥನೆ, ಬಾಯಲ್ಲುಳಿದ ಮಟ್ಟು

ಚೆನ್ನೈನ ಕಾಸಿಮೇಡು ಎಂದರೆ ಮೀನುಗಾರಿಕೆ ಬಂದರು, ನಸುಕಿನ ಮೀನು ಹರಾಜು. ಇಲ್ಲಿ ನಾಲ್ಕು ವರ್ಷ ಯೆಹೂದಿಗಳ ಗೋರಿಕಲ್ಲುಗಳೂ ಇದ್ದವು. ಮಿಂಟ್ ಸ್ಟ್ರೀಟಿನ ಹಳೆಯ ಸ್ಮಶಾನದಿಂದ 1979ರಲ್ಲಿ ಇಲ್ಲಿಗೆ ಬಂದ ಅವು, ಬಂದರಿನ ಕಾಮಗಾರಿಯಿಂದಾಗಿ 1983ರಲ್ಲಿ ಲಾಯ್ಡ್ಸ್ ರಸ್ತೆಗೆ ಹೋದವು. ಹವಳ ತಂದು ಗೋಲ್ಕೊಂಡದ ವಜ್ರ ಒಯ್ಯುತ್ತಿದ್ದ ವ್ಯಾಪಾರಿಗಳ ಸಮುದಾಯ ಅದು. 1688ರಲ್ಲಿ ಸ್ಥಾಪನೆಯಾದ ಮದ್ರಾಸ್ ಕಾರ್ಪೊರೇಷನ್ನಿನಲ್ಲಿ ಮೂವರು ಯೆಹೂದಿ ಆಲ್ಡರ್ಮನ್‌ಗಳಿದ್ದರು.

ಆ ಕಾಲದ ಹಡಗುಗಳಿಂದ ಸರಕಿನೊಂದಿಗೆ ಪುಸ್ತಕಗಳ ನಂಟೂ ಬೆಳೆಯಿತು. ಆಮ್‌ಸ್ಟರ್‌ಡ್ಯಾಮಿನ ಮೋಸೆಸ್ ಪೆರೇರಾ ದ ಪೈವಾ 1686ರಲ್ಲಿ ಕೊಚ್ಚಿಯ ಯೆಹೂದಿಗಳನ್ನು ಕಂಡುಹೋದ. ಅವನ ವರದಿ ಮರುವರ್ಷವೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಕೊಚ್ಚಿಯವರ ಸಂಪ್ರದಾಯದ ಪ್ರಾರ್ಥನೆಗಳ ಪುಸ್ತಕವೂ 1757ರಲ್ಲಿ ಅದೇ ಊರಿನಲ್ಲಿ ಮುದ್ರಣಗೊಂಡಿತು.

ಇಂಥ ಪುಸ್ತಕಗಳಲ್ಲಿ ಸ್ವರಲಿಪಿ ಇರುವುದಿಲ್ಲ. ಬೈಬಲ್ ಪಠಣಕ್ಕೆ ಅಕ್ಷರಗಳ ಮೇಲೆ ಕೆಳಗೆ ಗುರುತುಗಳುಂಟು; ಆದರೆ ಒಂದೇ ಗುರುತನ್ನು ಒಂದೊಂದು ಊರಿನವರು ಒಂದೊಂದು ರೀತಿ ಹಾಡುತ್ತಾರೆ. ಜರ್ಮನ್ ವಿದ್ವಾಂಸ ಯೋಹಾನೆಸ್ ರಾಯ್ಕ್ಲಿನ್ 1518ರ ತನ್ನ ಪುಸ್ತಕದಲ್ಲಿ ಇಂಥ ಪಠಣದ ಮಟ್ಟನ್ನು ಸ್ವರಲಿಪಿಗೆ ಇಳಿಸಿದ. ಗಲೀಲಿಯ ಸಫೆದ್‌ನಲ್ಲಿ 1587ರಲ್ಲಿ ಅಚ್ಚಾದ ಇಸ್ರೇಲ್ ನಜಾರನ ಭಕ್ತಿಗೀತೆಗಳದ್ದು ಬೇರೆಯೇ ಉಪಾಯ: ಜನಪ್ರಿಯ ತುರ್ಕಿ, ಅರಬ್ಬಿ ಹಾಡಿನ ಹೆಸರನ್ನು ಪದ್ಯದ ನೆತ್ತಿಯ ಮೇಲೆ ಹಾಕಿದ್ದಾನೆ. ನಮ್ಮ ಕಂಪನಿ ನಾಟಕದ ಪುಸ್ತಕಗಳು ಹಾಡಿನ ಮೇಲೆ ಇಂಥ ಮಟ್ಟು ಎಂದು ಸೂಚಿಸುತ್ತಿದ್ದಂತೆಯೇ ಇದು. ಮಟ್ಟು ಗೊತ್ತಿದ್ದವರಿಗಷ್ಟೇ ಆ ಸೂಚನೆ ಉಪಯೋಗ.

ಪೂರ್ತಿ ಸ್ವರಲಿಪಿಯ ಹೀಬ್ರೂ ಸಂಗ್ರಹ ವೆನಿಸ್‌ನಲ್ಲಿ 1622–23ರಲ್ಲಿ ಬಂತು. ಇಟಲಿಯ ಮಾಂಟುವಾ ಆಸ್ಥಾನದ ಸಂಗೀತಗಾರ ಸಲಾಮೋನೆ ರೊಸ್ಸಿಯ 33 ರಚನೆಗಳವು. ಹೀಬ್ರೂ ಬಲದಿಂದ ಎಡಕ್ಕೆ, ಸ್ವರಲಿಪಿ ಎಡದಿಂದ ಬಲಕ್ಕೆ! ಮುದ್ರಕರು ಎರಡನ್ನೂ ಅದರದರ ದಿಕ್ಕಿನಲ್ಲೇ ಬಿಟ್ಟರು. ಹೊಂದಿಸಿಕೊಳ್ಳುವ ಕಷ್ಟ ಹಾಡುವವನ ಪಾಲಿಗೆ ಬಿತ್ತು.

ಭಾರತದಲ್ಲಿ ಮಟ್ಟು ನೆಲದ ಸಂಗೀತಕ್ಕೆ ಹೊರಳಿತು. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಪಾಸೋವರ್ ಹಬ್ಬದಂದು ಓದುವ ಹಗ್ಗದಾ ಪುಸ್ತಕದಲ್ಲಿ ಹೀಬ್ರೂ ಜೊತೆ ಮರಾಠಿ ಇದೆ, ಚಿತ್ರಗಳಲ್ಲಿ ಸೀರೆಯುಟ್ಟ ಹೆಂಗಸರಿದ್ದಾರೆ. ಮುಂದೆ ಮರಾಠಿ ಮಾತಿನ ಯೆಹೂದಿಗಳಾದ ಬೆನೆ ಇಸ್ರೇಲಿಗಳು ಬೈಬಲ್ ಕಥೆಗಳನ್ನು ಮರಾಠಿ ಕೀರ್ತನೆಯಾಗಿ ಹಾಡಿದರು. ಕೊಚ್ಚಿಯ ಹೆಂಗಸರಂತೂ ಮುದ್ರಣಕ್ಕೆ ಕಾಯಲಿಲ್ಲ. ಮಲಯಾಳಂ ಹಾಡುಗಳನ್ನು ನೋಟ್‌ಬುಕ್ಕುಗಳಲ್ಲಿ ಕೈಯಾರೆ ಬರೆದಿಟ್ಟು, ಮದುವೆ ಹಬ್ಬಗಳಲ್ಲಿ ಹಾಡಿ, ಇಸ್ರೇಲಿಗೂ ಒಯ್ದರು. ಸ್ಕರಿಯಾ ಝಕರಿಯಾ, ಓಫಿರಾ ಗಮ್ಲಿಯೇಲ್ ಸಂಪಾದನೆಯಲ್ಲಿ ಅವು 2005ರಲ್ಲಿ ‘ಕಾರ್ಕುಳಲಿ’ ಎಂಬ ಪುಸ್ತಕವಾದವು; ಅದಕ್ಕೂ ಮೊದಲು ಹಾಡುವವರ ದನಿಯನ್ನು ಸಂಶೋಧಕರು ಧ್ವನಿಮುದ್ರಿಸಿಕೊಂಡಿದ್ದರು.

ಹಳೆಯ ಪ್ರಾರ್ಥನಾ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಕಾಗದ ಉಳಿಯುತ್ತದೆ. ಅದನ್ನು ಹಾಡಬಲ್ಲವರ ಒಂದು ದನಿಯೂ ಜೊತೆಗಿದ್ದರೆ ಆ ಸಂಗ್ರಹ ಪೂರ್ತಿ.