ಕಚ್ಚುವ ನಾಯಿಗೆ ತಳಿಯ ಹಣೆಪಟ್ಟಿ

2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ಎಲ್ಲ ರಾಜ್ಯಗಳಿಗೂ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್, ಅಕಿಟಾ, ಕೇನ್ ಕೋರ್ಸೋ ಮುಂತಾದ 23 ತಳಿಗಳು ಜೀವಕ್ಕೆ ಅಪಾಯ ತರುವಂಥವು, ಇವುಗಳ ಆಮದಿಗಾಗಲೀ ಮಾರಾಟಕ್ಕಾಗಲೀ ಪರವಾನಗಿ ಕೊಡಬೇಡಿ, ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಮಾಡಿಸಿ ಎಂಬುದು ಅದರ ಸಾರ. ಇದಕ್ಕೆ ಹಿನ್ನೆಲೆಯಿತ್ತು. 2022ರಲ್ಲಿ ಲಖನೌದ ಮನೆಯೊಂದರಲ್ಲಿ ಸಾಕಿದ ಪಿಟ್‌ಬುಲ್ ಮನೆಯ ಹಿರಿಯ ಹೆಂಗಸನ್ನೇ ಕೊಂದಿತ್ತು. ಅದೇ ವರ್ಷ ಗಾಜಿಯಾಬಾದ್ ಪಾಲಿಕೆ ಮೂರು ತಳಿಗಳನ್ನು ನಿಷೇಧಿಸಿತ್ತು. ಕೇಂದ್ರದ ಸುತ್ತೋಲೆ ಮಾತ್ರ ಒಂದು ತಿಂಗಳೂ ಬಾಳಲಿಲ್ಲ. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದುಗೊಳಿಸಿತು.

ಕೋರ್ಟು ಹೇಳಿದ್ದು ಆದೇಶ ಹೊರಡಿಸಿದ ಕ್ರಮ ಸರಿಯಿಲ್ಲ ಎಂದು. ವಿಜ್ಞಾನದ ಪ್ರಶ್ನೆ ಹಾಗೇ ಉಳಿದಿದೆ: ನಾಯಿಯ ತಳಿ ಗೊತ್ತಾದರೆ ಅದು ಕಚ್ಚೀತೋ ಇಲ್ಲವೋ ಎಂದು ಹೇಳಬಹುದೇ?

ತಳಿ ಎಂಬುದು ಮೊದಲಿಗೆ ಆಕಾರದ ಮಾತು. ನಾಯಿ ಮನುಷ್ಯನ ಜೊತೆಗೂಡಿ ಹದಿನೈದು ಸಾವಿರ ವರ್ಷಗಳಾದರೂ ಆಗಿವೆ. ಆದರೆ ಇಂದಿನ ತಳಿಗಳಲ್ಲಿ ಬಹುಪಾಲು ಕಳೆದ ಇನ್ನೂರು ವರ್ಷಗಳೊಳಗೆ ರೂಪುಗೊಂಡವು. 1873ರಲ್ಲಿ ಇಂಗ್ಲೆಂಡಿನಲ್ಲಿ ಕೆನಲ್ ಕ್ಲಬ್ ಹುಟ್ಟಿದ ಮೇಲೆ ಕಿವಿ ಹೀಗಿರಬೇಕು, ಬಾಲ ಹಾಗಿರಬೇಕು ಎಂಬ ನಿಯಮಗಳು ಬಿಗಿಯಾದವು. ಆಕಾರವನ್ನು ಹೀಗೆ ತಿದ್ದುವುದು ಸುಲಭ, ಏಕೆಂದರೆ ಅದರ ಹಿಂದೆ ಇರುವುದು ಬೆರಳೆಣಿಕೆಯ ಜೀನ್‌ಗಳು. ಡ್ಯಾಶ್‌ಹಂಡ್‌ನ ಮೋಟು ಕಾಲಿಗೆ ಎಫ್‌ಜಿಎಫ್‌4 ಎಂಬ ಜೀನಿನ ಹೆಚ್ಚುವರಿ ಪ್ರತಿ ಕಾರಣ. ಮೈಗಾತ್ರದಲ್ಲಿ ಐಜಿಎಫ್‌1 ಎಂಬ ಒಂದೇ ಜೀನಿನ ಪಾಲು ದೊಡ್ಡದು.

ಸ್ವಭಾವದ ಕತೆ ಬೇರೆ. ಅದರ ಹಿಂದೆ ಅಸಂಖ್ಯ ಜೀನ್‌ಗಳ ಚಿಕ್ಕಚಿಕ್ಕ ಪಾಲುಗಳಿವೆ. ಅದರ ಮೇಲೆ ತಾಯಿಯ ಆರೈಕೆ, ಬೆಳೆದ ಮನೆ, ಉಂಡ ಏಟುಗಳೆಲ್ಲ ಸೇರುತ್ತವೆ. ಅಮೆರಿಕದ ಎಲಿನಾರ್ ಕಾರ್ಲ್‌ಸನ್ ಅವರ ತಂಡ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ನೋಡಿತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ವರ್ತನೆ ಕುರಿತು ಮಾಲೀಕರಿಂದ ಉತ್ತರ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದಾಗ ಕಂಡದ್ದು ಇಷ್ಟು: ಒಂದು ನಾಯಿಗೂ ಇನ್ನೊಂದಕ್ಕೂ ವರ್ತನೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡಾ 9 ಮಾತ್ರ. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಗುರುತು ತುಸು ಹೆಚ್ಚು. ಎಷ್ಟು ಬೇಗ ಕೆರಳುತ್ತದೆ ಎಂಬುದರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಮುಧೋಳ ನಾಯಿ ಮೊಲದ ಹಿಂದೆ ಬಾಣದಂತೆ ಓಡುವುದು, ಬಾರ್ಡರ್ ಕಾಲಿ ಕುರಿಗಳನ್ನು ಕಣ್ಣಲ್ಲೇ ಕಟ್ಟಿಹಾಕುವುದು ತಳಿಗುಣವಲ್ಲವೇ? ಹೌದು, ತಳಿಗುಣವೇ. ತೋಳದ ಬೇಟೆಯಲ್ಲಿ ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು ಎಂಬ ಹಂತಗಳು ಒಂದಾದ ಮೇಲೊಂದು ಬರುತ್ತವೆ. ಕುರುಬರೂ ಬೇಟೆಗಾರರೂ ತಮಗೆ ಬೇಕಾದ ಹಂತವನ್ನು ಹಿಗ್ಗಿಸಿ, ಬೇಡದ್ದನ್ನು ಕುಗ್ಗಿಸಿ ನಾಯಿಗಳನ್ನು ಆರಿಸುತ್ತ ಬಂದರು. ಆದರೆ ಮನುಷ್ಯನನ್ನು ಕಚ್ಚುವ ನಾಯಿ ಸಾಮಾನ್ಯವಾಗಿ ಬೇಟೆಯಾಡುತ್ತಿರುವುದಿಲ್ಲ. ಅದು ಹೆದರಿರುತ್ತದೆ, ನೋವಿನಲ್ಲಿರುತ್ತದೆ, ಇಲ್ಲವೇ ತಟ್ಟೆಯನ್ನೋ ಮರಿಯನ್ನೋ ಕಾಯುತ್ತಿರುತ್ತದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2021ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಸಾಕುನಾಯಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲೂ ಮನುಷ್ಯರ ಮೇಲೆ ಎರಗುವ ನಾಯಿಗಳಲ್ಲಿ ಎದ್ದು ಕಂಡದ್ದು ಭಯ.

ಈ ಭಯದ ಬೇರು ಮರಿಯ ದಿನಗಳಲ್ಲಿದೆ. ಹುಟ್ಟಿದ ಮೂರನೆಯ ವಾರದಿಂದ ಹೆಚ್ಚುಕಡಿಮೆ ಹನ್ನೆರಡನೆಯ ವಾರದವರೆಗೆ ಮರಿಯ ಮಿದುಳು ‘ಇದು ನನ್ನ ಲೋಕ, ಇದಕ್ಕೆ ಹೆದರಬೇಕಿಲ್ಲ’ ಎಂದು ಕಲಿಯುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ಮರಿಗಳನ್ನು ಬೆಳೆಸಿ ನೋಡಿ 1965ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಈ ವಾರಗಳಲ್ಲಿ ಮಕ್ಕಳನ್ನು, ಅಪರಿಚಿತರನ್ನು, ಸ್ಕೂಟರಿನ ಸದ್ದನ್ನು ಕಾಣದೆ ಪಂಜರದಲ್ಲಿ ಕಳೆದ ಮರಿಗೆ ಮುಂದೆ ಎಲ್ಲವೂ ಶತ್ರುವಾಗಿ ಕಾಣಬಹುದು. ಅದು ಲ್ಯಾಬ್ರಡಾರ್ ಆದರೂ ಅಷ್ಟೇ, ರಾಟ್‌ವೀಲರ್ ಆದರೂ ಅಷ್ಟೇ.

ಹೆದರಿದ ನಾಯಿ ಕಚ್ಚುವ ಮುನ್ನ ಸಾಮಾನ್ಯವಾಗಿ ಹೇಳುತ್ತದೆ. ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಕಣ್ಣಿನ ಬಿಳಿ ತೋರಿಸುತ್ತದೆ, ಮೈ ಸೆಟೆಯುತ್ತದೆ, ಆಮೇಲೆ ಗುರ್ ಎನ್ನುತ್ತದೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಕೈ ಚಾಚಬಾರದು. ಗುರ್ ಎಂದಾಗಲೆಲ್ಲ ಹೊಡೆದು ಬಾಯಿ ಮುಚ್ಚಿಸಿದ ನಾಯಿ ಇನ್ನೂ ಅಪಾಯಕಾರಿ. ಅದರ ಭಯ ಹಾಗೇ ಇರುತ್ತದೆ, ಎಚ್ಚರಿಕೆ ಮಾತ್ರ ಮಾಯವಾಗಿರುತ್ತದೆ.

ನಿಷೇಧ ಕೇಳುವವರ ವಾದದಲ್ಲೂ ಹುರುಳಿದೆ. ಕಚ್ಚುವ ಮನಸ್ಸಿಗೂ ಕಚ್ಚಿದರೆ ಆಗುವ ಗಾಯಕ್ಕೂ ಅಂತರವಿದೆ. ಮಾಲೀಕರ ಉತ್ತರಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರ ಮೇಲೆ ಎರಗುವುದರಲ್ಲಿ ಮುಂದಿದ್ದದ್ದು ಡ್ಯಾಶ್‌ಹಂಡ್, ಚಿವಾವಾಗಳಂಥ ಪುಟ್ಟ ನಾಯಿಗಳು. ಅವು ಕಚ್ಚಿದರೆ ಒಂದು ಪಟ್ಟಿ ಸುತ್ತಿಕೊಂಡರೆ ಮುಗಿಯಬಹುದು. ನಲವತ್ತು ಕಿಲೋ ತೂಗುವ ನಾಯಿ ಹಿಡಿದು ಜಗ್ಗಿದರೆ ಮಗುವಿನ ಪ್ರಾಣಕ್ಕೇ ಕುತ್ತು. ಪಿಟ್‌ಬುಲ್‌ನ ದವಡೆಗೆ ಬೀಗ ಬೀಳುತ್ತದೆ ಎಂಬುದು ಕಟ್ಟುಕತೆ, ಅಂಥ ಮೂಳೆಯಾಗಲೀ ಕೀಲಾಗಲೀ ಅದರಲ್ಲಿಲ್ಲ. ಆದರೆ ನಾಯಿಕಾಳಗಕ್ಕೆಂದು ಬೆಳೆಸಿದ ವಂಶಗಳಲ್ಲಿ ಹಿಡಿದದ್ದನ್ನು ಬಿಡದ ಛಲವನ್ನು ಆರಿಸಿಕೊಂಡದ್ದು ನಿಜ. ಅದೇ 2008ರ ಅಧ್ಯಯನದಲ್ಲಿ ಬೇರೆ ನಾಯಿಗಳ ಮೇಲೆ ಬೀಳುವುದರಲ್ಲಿ ಅಕಿಟಾ ಮತ್ತು ಪಿಟ್‌ಬುಲ್ ಮುಂದಿದ್ದವು. ದೊಡ್ಡ, ಬಲಿಷ್ಠ ನಾಯಿ ಸಾಕುವವರ ಹೊಣೆಯೂ ದೊಡ್ಡದಿರಬೇಕು ಎಂಬಲ್ಲಿ ತಕರಾರಿಲ್ಲ.

ಪಟ್ಟಿ ಸೋಲುವುದು ಬೀದಿಗಿಳಿದಾಗ. ಫ್ಲಾರಿಡಾದ ನಾಯಿಧಾಮಗಳಲ್ಲಿ 120 ನಾಯಿಗಳನ್ನು ಪರೀಕ್ಷಿಸಿದಾಗ, ಸಿಬ್ಬಂದಿ ‘ಪಿಟ್‌ಬುಲ್’ ಎಂದು ಗುರುತಿಸಿದವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಡಿಎನ್‌ಎಯಲ್ಲಿ ಆ ವಂಶದ ಸುಳಿವೇ ಇರಲಿಲ್ಲ. ದಿನವೂ ನಾಯಿ ನೋಡುವವರ ಪಾಡೇ ಹೀಗಾದರೆ ಪಾಲಿಕೆಯ ಆರೋಗ್ಯ ನಿರೀಕ್ಷಕರು ಏನು ಮಾಡಿಯಾರು? ನಮ್ಮ ಸುತ್ತೋಲೆಯ ಪಟ್ಟಿಯಲ್ಲೇ ‘ಟೋಸಾ ಇನು’ ಒಂದು ಕಡೆ, ‘ಜಪಾನೀಸ್ ಟೋಸಾ’ ಇನ್ನೊಂದು ಕಡೆ ಇದ್ದವು, ಎರಡೂ ಒಂದೇ ನಾಯಿ. ‘ಟೆರಿಯರ್‌ಗಳು’ ಎಂದೂ ಬರೆದಿದ್ದರು. ಮಡಿಲಲ್ಲಿ ಮಲಗುವ ಮೂರು ಕಿಲೋದ ಯಾರ್ಕ್‌ಶೈರ್ ಟೆರಿಯರ್ ಕೂಡ ಆ ಮಾತಿನೊಳಗೆ ಬಂತು.

ಬ್ರಿಟನ್ 1991ರಲ್ಲೇ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಜನ ಬೇರೊಂದು ಭಾರೀ ನಾಯಿಯನ್ನು ಬೆಳೆಸಿದರು. 2023ರ ಕೊನೆಗೆ ಆ ‘ಎಕ್ಸ್‌ಎಲ್ ಬುಲ್ಲಿ’ಯನ್ನೂ ಪಟ್ಟಿಗೆ ಸೇರಿಸಬೇಕಾಯಿತು. ನೆದರ್‌ಲೆಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು, ಕಡಿತ ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಕೈಬಿಟ್ಟಿತು.

ಹಾಗಾದರೆ ನಗರ ಗಮನಿಸಬೇಕಾದ್ದು ಯಾವುದನ್ನು? ಅಮೆರಿಕದಲ್ಲಿ 2000ದಿಂದ 2009ರವರೆಗೆ ನಾಯಿಗಳಿಂದಾದ 256 ಸಾವುಗಳನ್ನು ಸಂಶೋಧಕರು ಒಂದೊಂದಾಗಿ ಕೆದಕಿದರು. ಶೇಕಡಾ 87ರಲ್ಲಿ ಬಿಡಿಸಬಲ್ಲ ಶಕ್ತರು ಯಾರೂ ಹತ್ತಿರವಿರಲಿಲ್ಲ. ಶೇಕಡಾ 84ರಲ್ಲಿ ನಾಯಿಗೆ ಸಂತಾನಹರಣ ಆಗಿರಲಿಲ್ಲ. ಶೇಕಡಾ 76ರಲ್ಲಿ ಅದು ಮನೆಯವರ ಒಡನಾಟವಿಲ್ಲದೆ ಸರಪಳಿಯಲ್ಲೋ ಹಿತ್ತಲಲ್ಲೋ ಬೆಳೆದದ್ದು. ತಳಿ ಯಾವುದೆಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಶೇಕಡಾ 18ಕ್ಕಿಂತ ಕಡಿಮೆ ಪ್ರಕರಣಗಳಲ್ಲಿ.

ಇವೆಲ್ಲ ಕಾನೂನಿನ ಕೈಗೆ ಸಿಗುವ ಸಂಗತಿಗಳು. ನಮ್ಮಲ್ಲಿ 2017ರ ನಿಯಮಗಳ ಪ್ರಕಾರ ನಾಯಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಅದನ್ನು ಜಾರಿಗೊಳಿಸಿದರೆ ಭಯದಲ್ಲಿ ಬೆಳೆಯುವ ಮರಿಗಳು ಕಡಿಮೆಯಾದಾವು. ಸಾಕುನಾಯಿಗೆ ಲೈಸೆನ್ಸ್, ಭಾರೀ ನಾಯಿಗೆ ಹೊರಗೆ ಹಗ್ಗ ಮತ್ತು ಬಾಯಿಬುಟ್ಟಿ, ಒಮ್ಮೆ ಕಚ್ಚಿದ ನಾಯಿಯ ಮಾಲೀಕರಿಗೆ ಕಟ್ಟುನಿಟ್ಟಿನ ಷರತ್ತು, ಇವಕ್ಕೆ ತಳಿಯ ಜಗಳ ಬೇಕಿಲ್ಲ. ಅಲ್ಲದೆ, ನಮ್ಮ ಊರುಗಳಲ್ಲಿ ಕಡಿತದ ಬಹುಪಾಲು ಬೀದಿನಾಯಿಗಳದ್ದು. 2023ರ ಗಣತಿಯಂತೆ ಬೆಂಗಳೂರಿನಲ್ಲೇ ಅವು 2.79 ಲಕ್ಷ. ಅವಕ್ಕೆ ಬೇಕಾದದ್ದು ಸಂತಾನಹರಣ ಮತ್ತು ರೇಬಿಸ್ ಲಸಿಕೆ, ಅವು ಯಾವ ತಳಿಯ ಪಟ್ಟಿಗೂ ಸೇರುವುದಿಲ್ಲ.

ತಳಿಪಟ್ಟಿಯ ದೊಡ್ಡ ತೊಂದರೆ ಅದು ಹೊರಗಿಟ್ಟ ನಾಯಿಗಳದ್ದು. ಹೆಸರು ಪಟ್ಟಿಯಲ್ಲಿಲ್ಲ ಎಂಬ ಧೈರ್ಯದಲ್ಲಿ ಮನೆಯವರು ಉಣ್ಣುತ್ತಿರುವ ನಾಯಿಯ ಪಕ್ಕದಲ್ಲಿ ಮಗುವನ್ನು ಬಿಟ್ಟು ಒಳಗೆ ಹೋಗುತ್ತಾರೆ. ಮಗುವಿಗೆ ಕಾವಲು ಬೇಕಾಗಿರುವುದು ಅಲ್ಲೇ.