ಬೆಳಗ್ಗೆ ಎದ್ದ ಕೂಡಲೇ ಹಿಮ್ಮಡಿ ನೋವಾ? ಪಾದದ ಕಮಾನು ನೋಡಿಕೊಳ್ಳಿ

ದಿನವಿಡೀ ನಿಂತೇ ವ್ಯಾಪಾರ ಮಾಡುವ ಅಂಗಡಿಯವರಿಗೆ ಹಿಮ್ಮಡಿ ನೋವು ಹೊಸದೇನಲ್ಲ. ಬೆಳಗಿನ ಮೊದಲ ಹೆಜ್ಜೆಗೆ ಮೊಳೆ ಚುಚ್ಚಿದಂತಾಗುತ್ತೆ, ಸ್ವಲ್ಪ ನಡೆದರೆ ಕಡಿಮೆ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದ ದಪ್ಪ ಪಟ್ಟಿಯೊಂದು ಪಾದದ ಕಮಾನನ್ನು ಹಿಡಿದಿಡುತ್ತದೆ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಂತರೆ ಎಳೆತ ಬೀಳುವುದು ಅದಕ್ಕೇ.

ಒದ್ದೆ ಕಾಲನ್ನು ಒಣ ನೆಲದ ಮೇಲಿಟ್ಟು ನೋಡಿ. ಇಡೀ ಪಾದದ ಅಚ್ಚು ಮೂಡಿದರೆ ಕಮಾನು ತಗ್ಗು ಎಂದರ್ಥ. ನೋವಿಲ್ಲದಿದ್ದರೆ ಅದಕ್ಕೆ ಚಿಕಿತ್ಸೆಯೇನೂ ಬೇಡ ಬಿಡಿ.

ನೋವಿದ್ದರೆ ಸವೆದ ಹವಾಯಿ ಚಪ್ಪಲಿ ಮೊದಲು ಬಿಸಾಕಿ. ಹಾಸಿಗೆಯಿಂದ ಇಳಿಯುವ ಮುಂಚೆ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನತ್ತ ಎಳೆದು 10 ಎಣಿಸಿ. ಹೀಗೆ 10 ಸಲ. ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು. ಸಕ್ಕರೆ ಕಾಯಿಲೆ ಇರೋರು ಮಾತ್ರ ಬಿಸಿನೀರಲ್ಲಿ ಕಾಲಿಡೋದು ಬೇಡ: ಸ್ಪರ್ಶ ಕಮ್ಮಿಯಾದ ಪಾದ ಸುಟ್ಟರೂ ಗೊತ್ತಾಗಲ್ಲ. ಅವರು ನೇರ ಡಾಕ್ಟರಿಗೇ ತೋರಿಸಬೇಕು.