ಮೀಸಲು ವೆಬ್ ಸರ್ವರ್‌ಗೆ ಯಂತ್ರಾಂಶದ ಆಯ್ಕೆ

ಮೀಸಲು ವೆಬ್ ಸರ್ವರ್ ಎಂದರೆ ಒಬ್ಬನೇ ಬಳಕೆದಾರನ ಅಥವಾ ಒಂದೇ ಸಂಸ್ಥೆಯ ಜಾಲತಾಣಗಳಿಗಾಗಿ ಪ್ರತ್ಯೇಕವಾಗಿ ಇರಿಸಲಾದ ಗಣಕಯಂತ್ರ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಒಂದೇ ಯಂತ್ರದ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕುಗಳನ್ನು ಅನೇಕ ಜಾಲತಾಣಗಳು ಒಟ್ಟಾಗಿ ಬಳಸುತ್ತವೆ. ಮೀಸಲು ಸರ್ವರ್‌ನಲ್ಲಿ ಅವೆಲ್ಲವೂ ಒಬ್ಬರದೇ. ಯಾವ ಭಾಗ ಎಷ್ಟಿರಬೇಕೆಂಬ ನಿರ್ಧಾರವೂ, ಅದು ತಪ್ಪಿದರೆ ಆಗುವ ನಷ್ಟವೂ ಅವರದೇ ಆಗಿರುತ್ತದೆ.

ಅಗತ್ಯದ ಅಂದಾಜು

ಯಂತ್ರವನ್ನು ಕೊಳ್ಳುವ ಮೊದಲು ಜಾಲತಾಣ ಏನನ್ನು ಬಡಿಸುತ್ತದೆ ಎಂಬುದನ್ನು ತಿಳಿಯಬೇಕು. ಉದಾಹರಣೆಗೆ ಬಾಗಲಕೋಟೆ ಜಿಲ್ಲೆಯ ಬಾದಾಮಿ ಸಮೀಪದ ಮಹಾಕೂಟದ ದೇವಾಲಯಗಳು ಹಾಗೂ ಶಾಸನಗಳ ಛಾಯಾಚಿತ್ರಗಳಿರುವ ಒಂದು ಜಾಲತಾಣವನ್ನು ಊಹಿಸಿಕೊಳ್ಳಬಹುದು. ಚಾಲುಕ್ಯ ಮಂಗಳೇಶನ ಕಾಲದ ಮಹಾಕೂಟ ಸ್ತಂಭಶಾಸನವು ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಕ್ಷೇತ್ರಕ್ಕೆ ಬಂದವರಿಗೆ ಅದು ಕಾಣಸಿಗುವುದಿಲ್ಲವಾದ್ದರಿಂದ, ಸ್ಥಳವನ್ನೂ ಸ್ತಂಭವನ್ನೂ ಒಟ್ಟಿಗೆ ನೋಡಲು ಚಿತ್ರಗಳೇ ಸುಲಭದ ದಾರಿ.

ಇಂತಹ ಜಾಲತಾಣದಲ್ಲಿ ಪಠ್ಯದ ಭಾರ ಅತ್ಯಲ್ಪ. ಯುಟಿಎಫ್-8 ಸಂಕೇತೀಕರಣದಲ್ಲಿ ಕನ್ನಡದ ಪ್ರತಿಯೊಂದು ಯುನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷ’ ಎಂಬ ಒಂದು ಅಕ್ಷರವೇ ಕ, ವಿರಾಮ ಮತ್ತು ಷ ಎಂಬ ಮೂರು ಸಂಕೇತಗಳಾಗಿ 9 ಬೈಟ್ ತೆಗೆದುಕೊಳ್ಳುತ್ತದೆ. ಹೀಗಿದ್ದರೂ 5,000 ಸಂಕೇತಗಳ ಲೇಖನವೊಂದು 15,000 ಬೈಟ್ ಮಾತ್ರ. ಸಂಕುಚನದಿಂದ ಅದು ಇನ್ನೂ ಕುಗ್ಗುತ್ತದೆ. ಒತ್ತಕ್ಷರಗಳನ್ನು ಜೋಡಿಸಿ ತೋರಿಸುವ ಕೆಲಸ ಓದುಗರ ಫೋನಿನಲ್ಲಿ ನಡೆಯುವುದರಿಂದ ಸರ್ವರ್‌ಗೆ ಅದರ ಹೊರೆಯಿಲ್ಲ. ಕನ್ನಡಕ್ಕೆಂದು ವಿಶೇಷ ಸರ್ವರ್ ಬೇಕೆಂಬ ಮಾತಿಗೆ ಆಧಾರವಿಲ್ಲ.

ಭಾರವಿರುವುದು ಚಿತ್ರಗಳಲ್ಲಿ. ಶಾಸನದ ಅಕ್ಷರ ಓದಲು ಬರಬೇಕಾದರೆ ಚಿತ್ರ ದೊಡ್ಡದಿರಬೇಕು. ತಲಾ 8 ಮೆಗಾಬೈಟ್‌ನ 10,000 ಚಿತ್ರಗಳು ಸುಮಾರು 80 ಗಿಗಾಬೈಟ್ ಆಗುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕವು ಹೆಚ್ಚೆಂದರೆ 12.5 ಮೆಗಾಬೈಟ್ ಸಾಗಿಸಬಲ್ಲದು. ಪುಟವೊಂದು 2 ಮೆಗಾಬೈಟ್ ಇದ್ದರೆ ಸೆಕೆಂಡಿಗೆ ಆರು ಪುಟಗಳಿಗೇ ಅದು ತುಂಬುತ್ತದೆ. ಎಷ್ಟೇ ಬೆಲೆಯ ಪ್ರೊಸೆಸರ್ ಇದ್ದರೂ ಈ ಮಿತಿ ಬದಲಾಗದು.

ಪ್ರೊಸೆಸರ್ ಮತ್ತು ಮೆಮೊರಿ

ಸಿದ್ಧ ಪುಟಗಳನ್ನು ಹಾಗೆಯೇ ಕಳುಹಿಸಲು ಸಾಧಾರಣ ಪ್ರೊಸೆಸರ್ ಸಾಕು. ಪ್ರತಿ ಕೋರಿಕೆಗೂ ಡೇಟಾಬೇಸ್ ಹುಡುಕಿ ಪುಟವನ್ನು ಹೊಸದಾಗಿ ಕಟ್ಟುವ ತಂತ್ರಾಂಶಕ್ಕೆ ಹೆಚ್ಚು ಕೋರ್‌ಗಳು ಬೇಕು. ದೊಡ್ಡ ಚಿತ್ರವನ್ನು ಕಿರಿದುಗೊಳಿಸುವುದು ದುಬಾರಿ ಕೆಲಸ. ಒಮ್ಮೆ ಮಾಡಿ ಉಳಿಸಿಟ್ಟರೆ ಪ್ರೊಸೆಸರ್‌ನ ಹಣ ಉಳಿಯುತ್ತದೆ. ಪದೇಪದೇ ಕೇಳಲಾಗುವ ದತ್ತಾಂಶ ಮೆಮೊರಿಯಲ್ಲಿಯೇ ಇರುವಂತಾದರೆ ವೇಗ ಹೆಚ್ಚುತ್ತದೆ. ಸರ್ವರ್‌ಗಳಲ್ಲಿ ಬಳಸುವ ಇಸಿಸಿ ಮೆಮೊರಿಯು ಒಂದು ಬಿಟ್‌ನ ದೋಷವನ್ನು ತಾನೇ ಸರಿಪಡಿಸಿ, ಎರಡು ಬಿಟ್‌ಗಳ ದೋಷವನ್ನು ಗುರುತಿಸುತ್ತದೆ.

ಡಿಸ್ಕುಗಳು

ಮಿತವ್ಯಯ ಮಾಡಬಾರದ ಭಾಗವಿದು. ಪ್ರೊಸೆಸರ್ ಕೆಟ್ಟರೆ ಬೇರೊಂದನ್ನು ಹಾಕಬಹುದು. ಕಳೆದುಹೋದ ದತ್ತಾಂಶಕ್ಕೆ ಅಂಗಡಿಯಿಲ್ಲ. ಡೇಟಾಬೇಸ್‌ಗೆ ಎಸ್‌ಎಸ್‌ಡಿ, ಅದರಲ್ಲಿಯೂ ಎನ್‌ವಿಎಂಇ ಮಾದರಿ ಯೋಗ್ಯ. ವಿರಳವಾಗಿ ತೆರೆಯುವ ಮೂಲ ಚಿತ್ರಗಳಿಗೆ ತಿರುಗುವ ಹಾರ್ಡ್ ಡಿಸ್ಕ್ ಇಂದಿಗೂ ಅಗ್ಗ. ಸರ್ವರ್‌ಗಳಿಗೆಂದು ತಯಾರಾದ ಅನೇಕ ಎಸ್‌ಎಸ್‌ಡಿಗಳಲ್ಲಿ, ವಿದ್ಯುತ್ ಹಠಾತ್ತನೆ ಹೋದಾಗ ಅರ್ಧ ಬರೆದ ದತ್ತಾಂಶವನ್ನು ಪೂರ್ತಿಗೊಳಿಸುವಷ್ಟು ಶಕ್ತಿಯನ್ನು ಹಿಡಿದಿಡುವ ಕೆಪಾಸಿಟರ್‌ಗಳಿರುತ್ತವೆ. ಮನೆಬಳಕೆಯ ಡಿಸ್ಕುಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

ರೇಡ್ 1 ವ್ಯವಸ್ಥೆಯಲ್ಲಿ ಎರಡು ಡಿಸ್ಕುಗಳಲ್ಲಿ ಒಂದೇ ದತ್ತಾಂಶವಿದ್ದು, ಒಂದು ಕೆಟ್ಟರೂ ಜಾಲತಾಣ ನಡೆಯುತ್ತದೆ. ನಾಲ್ಕು ಡಿಸ್ಕುಗಳ ರೇಡ್ 10ರಲ್ಲಿ ವೇಗವೂ ಸೇರುತ್ತದೆ, ಆದರೆ ಒಟ್ಟು ಸಾಮರ್ಥ್ಯದ ಅರ್ಧವಷ್ಟೇ ಬಳಕೆಗೆ ಸಿಗುತ್ತದೆ. ಇದನ್ನೇ ಬ್ಯಾಕಪ್ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಯಾರಾದರೂ ಕಡತವನ್ನು ಅಳಿಸಿದರೆ ಅದು ಎರಡೂ ಡಿಸ್ಕುಗಳಿಂದ ಅದೇ ಕ್ಷಣ ಅಳಿಯುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾದಾಗ, ಪ್ರತಿಯನ್ನೂ ಅಲ್ಲಿಯೇ ಇರಿಸಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಆದ್ದರಿಂದ ಒಂದು ಪ್ರತಿಯಾದರೂ ಬೇರೆ ಊರಿನಲ್ಲಿರಬೇಕು, ಮತ್ತು ಅದರಿಂದ ಜಾಲತಾಣವನ್ನು ಮರಳಿ ಕಟ್ಟಲು ಸಾಧ್ಯವೇ ಎಂದು ಆಗಾಗ ಪರೀಕ್ಷಿಸಬೇಕು.

ವಿದ್ಯುತ್, ಶಾಖ ಮತ್ತು ಸ್ಥಳ

ಸತತವಾಗಿ 200 ವಾಟ್ ಬಳಸುವ ಸರ್ವರ್ ದಿನಕ್ಕೆ 4.8 ಯೂನಿಟ್, ತಿಂಗಳಿಗೆ 144 ಯೂನಿಟ್ ವಿದ್ಯುತ್ ತೆಗೆದುಕೊಳ್ಳುತ್ತದೆ. ತಂಪುಗೊಳಿಸುವ ಖರ್ಚು ಬೇರೆ. ಯಂತ್ರದೊಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಆಶ್ರೇ ಸಂಸ್ಥೆಯ ಶಿಫಾರಸು. ಬಾದಾಮಿ ಕಡೆಯ ಬೇಸಿಗೆಯ ಬಿಸಿಲು, ಧೂಳು ಬಲ್ಲವರು ಸರ್ವರನ್ನು ಸಾಮಾನ್ಯ ಕೋಣೆಯಲ್ಲಿಡಲು ಒಪ್ಪಲಾರರು. ಬೆಂಗಳೂರು ಅಥವಾ ಮುಂಬೈಯ ದತ್ತಾಂಶ ಕೇಂದ್ರದಲ್ಲಿ ಬಾಡಿಗೆಗೆ ಸ್ಥಳ ಪಡೆಯುವುದೇ ವಿವೇಕ. ಅಲ್ಲಿ ಜಾಗವನ್ನು ‘ಯು’ ಎಂಬ ಅಳತೆಯಲ್ಲಿ ಕೊಡುತ್ತಾರೆ. 1ಯು ಎಂದರೆ 1.75 ಅಂಗುಲ ಎತ್ತರ. ಎರಡು ವಿದ್ಯುತ್ ಪೂರೈಕೆ ಘಟಕಗಳು, ಹಾಗೂ ಯಂತ್ರ ಸ್ತಬ್ಧವಾದಾಗಲೂ ದೂರದಿಂದ ಮರುಚಾಲನೆ ನೀಡಬಲ್ಲ ಐಪಿಎಂಐ ಸೌಲಭ್ಯ ಇಂತಲ್ಲಿ ಅತ್ಯವಶ್ಯ.

ವಿಕಿಪೀಡಿಯದ ವ್ಯವಸ್ಥೆ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ವಿಕಿಮೀಡಿಯ ಪ್ರತಿಷ್ಠಾನದ ಸ್ವಂತ ಸರ್ವರ್‌ಗಳಲ್ಲಿ ನಡೆಯುತ್ತದೆ. ಇಲ್ಲಿ ಕೆಲಸಕ್ಕೆ ತಕ್ಕಂತೆ ಯಂತ್ರಗಳು ಬೇರೆಬೇರೆ: ಪುಟ ಕಟ್ಟುವವು, ಡೇಟಾಬೇಸ್‌ನವು, ಚಿತ್ರ ಸಂಗ್ರಹದವು, ಸಿದ್ಧ ಪುಟಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವವು. ಮುಖ್ಯ ದತ್ತಾಂಶ ಕೇಂದ್ರಗಳು ಅಮೆರಿಕದ ವರ್ಜೀನಿಯ ಹಾಗೂ ಟೆಕ್ಸಾಸ್ ರಾಜ್ಯಗಳಲ್ಲಿವೆ. ವರ್ಷಕ್ಕೆ ಎರಡು ಬಾರಿ ಒಂದರ ಕೆಲಸವನ್ನು ಇನ್ನೊಂದಕ್ಕೆ ವರ್ಗಾಯಿಸಿ ಪರೀಕ್ಷಿಸಲಾಗುತ್ತದೆ. 2018ರಲ್ಲಿ ಸಿಂಗಾಪುರದ ಕೇಂದ್ರ ಕಾರ್ಯಾರಂಭ ಮಾಡಿದ ಮೇಲೆ, ಬಾದಾಮಿಯಲ್ಲಿ ಕುಳಿತು ಮಹಾಕೂಟದ ಲೇಖನ ತೆರೆಯುವ ಓದುಗರಿಗೆ ಪುಟವು ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತದೆ.